ಶುಗರ್ ರಿಪೋರ್ಟ್ ಚೆನ್ನಾಗಿದೆ, ಕಾಲಲ್ಲಿ ಮಾತ್ರ ಶಕ್ತಿ ಇಲ್ಲ

ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರ ಮಾತು ಕೇಳಿಸಿಕೊಳ್ಳಿ. ಅರ್ಧಕ್ಕರ್ಧ ಅಂಕಿಗಳೇ. ಖಾಲಿ ಹೊಟ್ಟೆಯಲ್ಲಿ ಎಷ್ಟು, ಊಟ ಆದಮೇಲೆ ಎಷ್ಟು, ಮೂರು ತಿಂಗಳ ಸರಾಸರಿ ಎಷ್ಟು. ಗೇಟ್ ಹತ್ತಿರ ಲ್ಯಾಬ್‌ನವರ ಕರಪತ್ರ ಬೇರೆ. ಮನೆಗೇ ಬಂದು ರಕ್ತ ತಗೋತೀವಿ, ಒಂದೇ ಸಲಕ್ಕೆ ಎಪ್ಪತ್ತು ಎಂಬತ್ತು ಟೆಸ್ಟ್, ಹಿರಿಯ ನಾಗರಿಕರಿಗೆ ರಿಯಾಯಿತಿ. ಆ ಪಟ್ಟಿಯಲ್ಲಿ ಈಗ ‘ಮೂಳೆ ಪ್ರೊಫೈಲ್’ ಅಂತಲೂ ಒಂದು ಸಾಲು ಇರುತ್ತದೆ.

ಸಕ್ಕರೆ ಕಾಯಿಲೆ ಇರುವ ವಯಸ್ಸಾದವರ ಸ್ನಾಯು ಮತ್ತು ಮೂಳೆ ಹೇಗಿದೆ ಅಂತ ರಕ್ತ ನೋಡಿ ಹೇಳಬಹುದಾ? ಸ್ವಲ್ಪ ಮಟ್ಟಿಗೆ ಹೇಳಬಹುದು. ಆದರೆ ಶುಗರ್ ಇರುವವರಲ್ಲಿ ಒಂದು ವಿಚಿತ್ರ ಇದೆ. ಒಳಗೆ ಪರಿಸ್ಥಿತಿ ಕೆಡುತ್ತಿರುವಾಗಲೇ ಕೆಲವು ಅಂಕಿಗಳು ಚೆನ್ನಾಗಿ ಕಾಣುತ್ತವೆ. ರಿಪೋರ್ಟಿನಲ್ಲಿ ದಪ್ಪ ಅಕ್ಷರ ಇಲ್ಲ, ಬಾಣದ ಗುರುತು ಇಲ್ಲ, ಆದ್ದರಿಂದ ಎಲ್ಲ ಸರಿಯಿದೆ ಅಂತ ಫೈಲಿಗೆ ಸೇರಿಸಿ ಇಟ್ಟುಬಿಡುತ್ತೇವೆ. ಅಲ್ಲೇ ಎಡವಟ್ಟು.

ಮೊದಲು ಸ್ನಾಯುವಿಗೂ ಶುಗರ್‌ಗೂ ಏನು ಸಂಬಂಧ ಅಂತ ನೋಡೋಣ. ಇನ್ಸುಲಿನ್ ಕೆಲಸ ಮಾಡುವಾಗ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು. ಅವು ಕಮ್ಮಿಯಾದರೆ ಸಕ್ಕರೆ ಹೋಗಲು ಜಾಗವೂ ಕಮ್ಮಿ. ಸಕ್ಕರೆ ಜಾಸ್ತಿಯಾಗಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಹೋದರೆ ಸ್ನಾಯು ಇನ್ನಷ್ಟು ಕರಗುತ್ತದೆ. ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ನಮ್ಮ ದೇಶದವರಿಗೆ ಇದರಲ್ಲಿ ಹುಟ್ಟಿನಿಂದಲೇ ಒಂದು ಹಿನ್ನಡೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಬ್ರಿಟನ್ನಿನ ತಮ್ಮ ಸಹೋದ್ಯೋಗಿಯ ಜೊತೆ ನಿಂತ ಫೋಟೋ ಒಂದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ, 22.3. ಆದರೆ ದೇಹದ ಕೊಬ್ಬು ಆ ಬ್ರಿಟಿಷ್ ಸಹೋದ್ಯೋಗಿಯದ್ದು 9.1 ಶೇಕಡಾ, ಯಾಜ್ಞಿಕರದ್ದು 21.2 ಶೇಕಡಾ. ತೂಕದ ಯಂತ್ರದ ಮೇಲೆ ಸಣ್ಣಗೆ ಕಾಣುವ ನಮ್ಮವರಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ನೆರವಿನಲ್ಲಿ ನಡೆದು 2023ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಅವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ಎಪ್ಪತ್ತು ದಾಟುವವರೇ.

ಈಗ ರಿಪೋರ್ಟಿಗೆ ಬರೋಣ. ಎಲ್ಲರಿಗೂ ಗೊತ್ತಿರುವ ಕ್ಯಾಲ್ಸಿಯಂನಿಂದಲೇ ಶುರು ಮಾಡೋಣ.

‘ಕ್ಯಾಲ್ಸಿಯಂ 9.4 ಬಂದಿದೆ ಕಣಪ್ಪ, ನನ್ನ ಮೂಳೆಗೇನೂ ಆಗಿಲ್ಲ’ ಅಂತ ನಮ್ಮ ಕೆಳಗಿನ ಮನೆ ಅಂಕಲ್ ಹೇಳುತ್ತಿರುತ್ತಾರೆ. ಅವರೊಬ್ಬರೇ ಅಲ್ಲ, ತುಂಬಾ ಜನ ಹಾಗೇ ತಿಳಿದಿದ್ದಾರೆ. ಹೃದಯ ಬಡಿಯಲು, ನರ ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಹದದಲ್ಲೇ ಇರಬೇಕು, ಸುಮಾರು 8.5ರಿಂದ 10.5ರ ನಡುವೆ. ಆ ಹದ ತಪ್ಪದಂತೆ ಪ್ಯಾರಾಥೈರಾಯ್ಡ್ ಹಾರ್ಮೋನು ಕಾವಲು ಕಾಯುತ್ತದೆ. ಊಟದಿಂದ ಸಾಕಷ್ಟು ಬರದಿದ್ದರೆ ಮೂಳೆಯಿಂದ ತೆಗೆದು ರಕ್ತಕ್ಕೆ ಹಾಕುತ್ತದೆ. ಬ್ಯಾಂಕಿನ ಖಾತೆ ಖಾಲಿಯಾಗುತ್ತಿದ್ದರೂ ಜೇಬಿನಲ್ಲಿ ದಿನಾ ಐನೂರು ರೂಪಾಯಿ ಇದ್ದ ಹಾಗೆ. ಜೇಬು ನೋಡಿ ಖಾತೆಯಲ್ಲಿ ಎಷ್ಟಿದೆ ಅಂತ ಹೇಳೋಕಾಗಲ್ಲ ಅಲ್ವಾ. ಮೂಳೆ ಸವೆದು ಸೊಂಟ ಮುರಿದವರ ರಿಪೋರ್ಟಿನಲ್ಲೂ ಕ್ಯಾಲ್ಸಿಯಂ ಬಹಳ ಸಲ ನಾರ್ಮಲ್ ಇರುತ್ತದೆ.

ಹಾಗಾದರೆ ಮೂಳೆಯದ್ದೇ ಆದ ಟೆಸ್ಟ್ ಇಲ್ವಾ? ಇದೆ. ನಮ್ಮ ಮೂಳೆ ಕಲ್ಲಲ್ಲ. ಹಳೆಯದನ್ನು ಕೆಡವುವ ಜೀವಕೋಶ, ಹೊಸದನ್ನು ಕಟ್ಟುವ ಜೀವಕೋಶ, ಎರಡೂ ದಿನಾ ಕೆಲಸದಲ್ಲಿರುತ್ತವೆ. ಕೆಡವಿದಾಗ ಮೂಳೆಯ ಮುಖ್ಯ ಪ್ರೋಟೀನಾದ ಕೊಲಾಜನ್‌ನ ಚೂರೊಂದು ರಕ್ತಕ್ಕೆ ಬರುತ್ತದೆ, ಅದರ ಹೆಸರು ಸಿಟಿಎಕ್ಸ್. ಕಟ್ಟುವಾಗ ಬರುವ ಚೂರು ಪಿ1ಎನ್‌ಪಿ. 2011ರಲ್ಲಿ ಮೂಳೆ ತಜ್ಞರ ಮತ್ತು ಲ್ಯಾಬ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಸೇರಿ, ಮೂಳೆಯ ಅಧ್ಯಯನಗಳಲ್ಲಿ ಇವೆರಡನ್ನೇ ಮುಖ್ಯವಾಗಿ ಅಳೆಯೋಣ ಅಂತ ಒಪ್ಪಿಕೊಂಡವು. ಬೆಂಗಳೂರಿನ ದೊಡ್ಡ ಲ್ಯಾಬ್‌ಗಳಲ್ಲಿ ಇವೆರಡೂ ಸಿಗುತ್ತವೆ.

ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುವಾಗ ಸಾಮಾನ್ಯವಾಗಿ ಸಿಟಿಎಕ್ಸ್ ಏರುತ್ತದೆ. ಕೆಡವುವುದು ಜಾಸ್ತಿ ಆಗಿದೆ ಅಂತ ಅರ್ಥ. ಟೈಪ್ 2 ಶುಗರ್ ಇರುವವರಲ್ಲಿ ಕಥೆ ಉಲ್ಟಾ. ಅವರಲ್ಲಿ ಸಿಟಿಎಕ್ಸ್ ಕಮ್ಮಿ, ಪಿ1ಎನ್‌ಪಿ ಕೂಡ ಕಮ್ಮಿ. ನೋಡಿದವರಿಗೆ ಖುಷಿ, ಮೂಳೆ ಸವೆಯುತ್ತಿಲ್ಲ ಅಂತ. ನಿಜ ಏನೆಂದರೆ ಅಲ್ಲಿ ಕೆಲಸವೇ ನಿಧಾನವಾಗಿದೆ. ಹಳೆಯದನ್ನು ಕೆಡವುತ್ತಿಲ್ಲ, ಹೊಸದನ್ನು ಕಟ್ಟುತ್ತಿಲ್ಲ, ದಿನನಿತ್ಯ ಓಡಾಡುವಾಗ ಬೀಳುವ ಸಣ್ಣ ಸಣ್ಣ ಬಿರುಕುಗಳು ರಿಪೇರಿಯಾಗದೆ ಉಳಿಯುತ್ತವೆ. ಜೊತೆಗೆ ವರ್ಷಗಟ್ಟಲೆ ಜಾಸ್ತಿ ಇದ್ದ ಸಕ್ಕರೆ ಮೂಳೆಯ ಕೊಲಾಜನ್‌ಗೆ ಅಂಟಿಕೊಂಡು ಅದನ್ನು ಬಿರುಸು ಮಾಡುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಂದರೆ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆ. ಇಲ್ಲೂ ಶುರುವಾಗುವುದು ಅದೇ ತರಹದ ಅಂಟು. ವ್ಯತ್ಯಾಸ ಏನೆಂದರೆ ಕೆಂಪು ರಕ್ತಕಣ ನಾಲ್ಕು ತಿಂಗಳಿಗೆ ಸಾಯುತ್ತದೆ, ಮೂಳೆಯ ಕೊಲಾಜನ್ ವರ್ಷಾನುಗಟ್ಟಲೆ ಹಾಗೇ ಇರುತ್ತದೆ. ಕಳೆದ ಮೂರು ತಿಂಗಳು ಪಥ್ಯ ಮಾಡಿ 6.5 ತಂದವರ ಮೂಳೆಯಲ್ಲಿ ಹತ್ತು ವರ್ಷದ ಹಿಂದಿನ ಶುಗರ್ ಇನ್ನೂ ಉಳಿದಿರಬಹುದು.

ಇದೇ ಕಾರಣಕ್ಕೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಕೂಡ ಇವರ ವಿಷಯದಲ್ಲಿ ಪೂರ್ತಿ ನಿಜ ಹೇಳುವುದಿಲ್ಲ. ಟೈಪ್ 2 ಇರುವವರ ಮೂಳೆಯ ಸಾಂದ್ರತೆ ಎಷ್ಟೋ ಸಲ ಸಾಮಾನ್ಯವಾಗಿ, ಕೆಲವೊಮ್ಮೆ ಉಳಿದವರಿಗಿಂತ ಜಾಸ್ತಿಯೇ ಇರುತ್ತದೆ. ಆದರೂ ಮುರಿಯುವುದು ಜಾಸ್ತಿ. 2011ರ ಒಂದು ದೊಡ್ಡ ಅಮೆರಿಕನ್ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು: ಶುಗರ್ ಇರುವ ಹೆಂಗಸಿನ ಟಿ-ಸ್ಕೋರ್ (ಡೆಕ್ಸಾ ಕೊಡುವ ಅಂಕಿ, ಮೈನಸ್ ಹೆಚ್ಚಾದಷ್ಟೂ ಸಾಂದ್ರತೆ ಕಮ್ಮಿ) –2.0 ಬಂದರೆ, ಅಪಾಯದ ಮಟ್ಟಿಗೆ ಅದು ಶುಗರ್ ಇಲ್ಲದವಳ –2.5ಕ್ಕೆ ಹೆಚ್ಚುಕಮ್ಮಿ ಸಮ. ಅಮೆರಿಕದ ಡಯಾಬಿಟಿಸ್ ಸಂಘವೂ 2024ರ ಮಾರ್ಗಸೂಚಿಯಲ್ಲಿ ಮೂಳೆಯ ಬಗ್ಗೆ ಪ್ರತ್ಯೇಕ ಭಾಗ ಸೇರಿಸಿ, ಇಂಥವರಲ್ಲಿ –2.0 ಬಂದಾಗಲೇ ಔಷಧದ ಬಗ್ಗೆ ಯೋಚಿಸಿ ಎಂದಿತು. ನಮ್ಮಲ್ಲಿ –2.1 ಬಂದವರಿಗೆ ‘ಸ್ವಲ್ಪ ಸವೆತ ಅಷ್ಟೇ, ಕ್ಯಾಲ್ಸಿಯಂ ಮಾತ್ರೆ ತಗೊಳ್ಳಿ’ ಅಂತ ಹೇಳಿ ಕಳಿಸುವುದು ಈಗಲೂ ಇದೆ.

ಸಿಟಿಎಕ್ಸ್ ಮಾಡಿಸಿದರೂ ಅದಕ್ಕೊಂದು ಶಿಸ್ತು ಬೇಕು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು. ತಿಂಡಿ ತಿಂದರೆ ಅದು ಇಳಿಯುತ್ತದೆ, ದಿನದ ಹೊತ್ತಿನ ಮೇಲೂ ಏರಿಳಿಯುತ್ತದೆ. ಕಿಡ್ನಿ ಮಂದ ಇದ್ದರೆ ಏರುತ್ತದೆ, ಮೂಳೆ ಮುರಿದ ಮೇಲೆ ತಿಂಗಳುಗಟ್ಟಲೆ ಏರಿರುತ್ತದೆ. ಮೂಳೆಯ ಔಷಧ ಶುರು ಮಾಡಿ, ಅದು ನಾಟುತ್ತಿದೆಯಾ ಅಂತ ಕೆಲವು ತಿಂಗಳ ನಂತರ ನೋಡಲು ಇದು ಒಳ್ಳೆಯ ಟೆಸ್ಟ್. ಮೂಳೆ ಗಟ್ಟಿ ಇದೆಯಾ ಅಂತ ಸುಮ್ನೆ ಒಂದು ಸಲ ಮಾಡಿಸಿ ನೋಡಲು ಅಲ್ಲ.

ಇನ್ನು ಸ್ನಾಯು. ನನ್ನ ಪ್ರಕಾರ ಇಡೀ ರಿಪೋರ್ಟಿನಲ್ಲಿ ಜನ ಅತಿ ಹೆಚ್ಚು ತಪ್ಪಾಗಿ ಓದುವ ಸಾಲು ಕ್ರಿಯಾಟಿನಿನ್. ಅದು ಕಿಡ್ನಿ ಟೆಸ್ಟ್ ಅಂತಲೇ ಎಲ್ಲರಿಗೂ ಗೊತ್ತು. ಆದರೆ ಅದು ತಯಾರಾಗುವುದು ಸ್ನಾಯುವಿನಲ್ಲಿ. ಸ್ನಾಯು ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ದಿನಾ ಹುಟ್ಟುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಮಂದವಾದರೆ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಸ್ನಾಯು ಕರಗಿದರೆ ಕಮ್ಮಿಯಾಗುತ್ತದೆ. ಎರಡೂ ಒಟ್ಟಿಗೆ ಆದರೆ? ಅಂಕಿ ಎಲ್ಲಿತ್ತೋ ಅಲ್ಲೇ ಇರುತ್ತದೆ!

ಲೆಕ್ಕಕ್ಕೆ 72 ವರ್ಷದ ಒಬ್ಬ ಅಜ್ಜಿಯನ್ನು ತಗೊಳ್ಳೋಣ. ಸಣ್ಣ ಮೈಕಟ್ಟು, ಸಸ್ಯಾಹಾರ, ಹದಿನೈದು ವರ್ಷದ ಶುಗರ್. ಕ್ರಿಯಾಟಿನಿನ್ 0.6. ಈಗ ಬಳಕೆಯಲ್ಲಿರುವ ಸೂತ್ರಕ್ಕೆ ಹಾಕಿದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಸುಮಾರು 95 ಬರುತ್ತದೆ. ಹರೆಯದವರ ಕಿಡ್ನಿ! ಅದೇ ಅಜ್ಜಿಗೆ ಸಿಸ್ಟಾಟಿನ್ ಸಿ ಅಂತ ಇನ್ನೊಂದು ಟೆಸ್ಟ್ ಮಾಡಿಸಿದಾಗ 1.3 ಬಂತು ಅಂದುಕೊಳ್ಳಿ. ಇದು ಸ್ನಾಯುವಿನಿಂದ ಮಾತ್ರ ಬರುವುದಲ್ಲ, ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ತಯಾರಿಸುವ ವಸ್ತು. ಅದರ ಸೂತ್ರದಲ್ಲಿ ಅದೇ ಕಿಡ್ನಿಯ ಶಕ್ತಿ ಸುಮಾರು 49. ಒಬ್ಬರೇ ಅಜ್ಜಿ, ಒಂದೇ ದಿನದ ರಕ್ತ, 95 ಮತ್ತು 49.

ಇದು ಬರೀ ಲೆಕ್ಕದ ಜಗಳ ಅಲ್ಲ. ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಡೋಸು ಇಜಿಎಫ್‌ಆರ್ 45ರ ಕೆಳಗೆ ಹೋದರೆ ಕಮ್ಮಿ ಮಾಡಬೇಕು, 30ರ ಕೆಳಗೆ ನಿಲ್ಲಿಸಬೇಕು. ಶುಗರ್‌ನದ್ದೇ ಇನ್ನೊಂದು ಬಗೆಯಾದ ಸಲ್ಫೋನಿಲ್‌ಯೂರಿಯಾ ಮಾತ್ರೆಗಳಲ್ಲಿ ಕೆಲವು ಕಿಡ್ನಿ ಮಂದ ಇದ್ದಾಗ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ಶುಗರ್ ಲೋ ಮಾಡುತ್ತವೆ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದ ಅಜ್ಜಿಗೆ ಶುಗರ್ 55 ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಸೊಂಟದ ಮೂಳೆ ಮುರಿದಾಗ ಎಲ್ಲರೂ ಬೈಯುವುದು ಬಾತ್‌ರೂಮಿನ ಟೈಲ್ಸ್ ಅನ್ನು.

ಈ ಎರಡು ಟೆಸ್ಟ್‌ಗಳ ಜಗಳವನ್ನೇ ಸಂಶೋಧಕರು ಉಪಯೋಗಕ್ಕೆ ತಂದಿದ್ದಾರೆ. ಕ್ರಿಯಾಟಿನಿನ್ ಅನ್ನು ಸಿಸ್ಟಾಟಿನ್ ಸಿ ಇಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿಯನ್ನು ಸಾರ್ಕೊಪೀನಿಯಾ ಸೂಚ್ಯಂಕ ಅನ್ನುತ್ತಾರೆ. ಸಾರ್ಕೊಪೀನಿಯಾ ಅಂದರೆ ವಯಸ್ಸಾದಂತೆ ಸ್ನಾಯು ಮತ್ತು ಅದರ ಬಲ ಕರಗುವುದು. ನಮ್ಮ ಅಜ್ಜಿಯದ್ದು 46. ಅಂಕಿ ಎಷ್ಟು ಕಮ್ಮಿಯೋ ಸ್ನಾಯು ಕಮ್ಮಿ ಇರುವ ಸಾಧ್ಯತೆ ಅಷ್ಟು ಜಾಸ್ತಿ. ಒಳ್ಳೆಯ ಐಡಿಯಾ, ದುಬಾರಿ ಸ್ಕ್ಯಾನ್ ಬೇಕಿಲ್ಲ. ಆದರೆ ಇಷ್ಟಕ್ಕಿಂತ ಕಮ್ಮಿ ಬಂದರೆ ಕಾಯಿಲೆ ಅಂತ ಎಲ್ಲರೂ ಒಪ್ಪಿದ ಒಂದು ಗೆರೆ ಇಲ್ಲ. ಬೊಜ್ಜು, ಉರಿಯೂತ, ಥೈರಾಯ್ಡ್, ಸ್ಟೀರಾಯ್ಡ್ ಮಾತ್ರೆ, ಬೀಡಿ ಸಿಗರೇಟು, ಇವೆಲ್ಲ ಸಿಸ್ಟಾಟಿನ್ ಸಿ ಅಂಕಿಯನ್ನು ಅಲ್ಲಾಡಿಸುತ್ತವೆ. ಹಾಗಾಗಿ ಸೂಚ್ಯಂಕ ನೋಡಿ ಹೆದರುವುದಕ್ಕಿಂತ, ಶುಗರ್ ಇರುವ ತೆಳ್ಳಗಿನ ವಯಸ್ಸಾದವರಿಗೆ ಕಿಡ್ನಿಯ ನಿಜ ಸ್ಥಿತಿ ತಿಳಿಯಲು ಒಂದು ಸಲ ಸಿಸ್ಟಾಟಿನ್ ಸಿ ಮಾಡಿಸುವುದು ಜಾಸ್ತಿ ಉಪಯೋಗ ಅಂತ ನನಗನಿಸುತ್ತದೆ.

ಹೊಸ ಹೊಸ ಹೆಸರುಗಳೂ ಓಡಾಡುತ್ತಿವೆ. ಬೇಗ ನೋಡಿಬಿಡೋಣ. ಮಯೋಸ್ಟಾಟಿನ್ 1997ರಲ್ಲಿ ಬೆಳಕಿಗೆ ಬಂತು, ಸ್ನಾಯು ಬೆಳೆಯದಂತೆ ತಡೆಯುವ ಪ್ರೋಟೀನು. ಅದು ಜಾಸ್ತಿ ಇದ್ದರೆ ಸ್ನಾಯು ಕಮ್ಮಿ ಇರಬೇಕು ಅಂತ ಲೆಕ್ಕ. ಆದರೆ ಅದನ್ನು ತಯಾರಿಸುವುದೂ ಸ್ನಾಯುವೇ. ಸ್ನಾಯು ಕರಗಿದವರಲ್ಲಿ ಅದೂ ಕಮ್ಮಿಯಾಗಬಹುದು, ಲೆಕ್ಕ ತಲೆಕೆಳಗು. 2012ರಲ್ಲಿ ಬಂದ ಐರಿಸಿನ್ ‘ವ್ಯಾಯಾಮದ ಹಾರ್ಮೋನು’ ಅಂತ ಹೆಸರು ಮಾಡಿತು, ಆಮೇಲೆ ಅದನ್ನು ಅಳೆಯುವ ಕಿಟ್‌ಗಳೇ ಸರಿಯಿಲ್ಲ ಅಂತ ವಾದ ಶುರುವಾಯಿತು. ಮೂಳೆಯಿಂದ ಬರುವ ಆಸ್ಟಿಯೋಕ್ಯಾಲ್ಸಿನ್ ಸಕ್ಕರೆಯನ್ನೂ ಹಿಡಿತದಲ್ಲಿಡುತ್ತದೆ ಅಂತ 2007ರಲ್ಲಿ ಇಲಿಗಳಲ್ಲಿ ತೋರಿಸಿದರು. 2020ರಲ್ಲಿ ಬೇರೆ ತಂಡಗಳ ಇಲಿಗಳಲ್ಲಿ ಅದು ಕಾಣಲಿಲ್ಲ. ಜಿಡಿಎಫ್-15 ಅನ್ನುವ ಪ್ರೋಟೀನು ಸ್ನಾಯು ಕರಗುವಿಕೆಯ ಜೊತೆ ಏರುತ್ತದೆ ಅನ್ನುತ್ತಾರೆ, ನಿಜ. ಆದರೆ ಮೆಟ್‌ಫಾರ್ಮಿನ್ ನುಂಗಿದರೂ ಅದು ಏರುತ್ತದೆ! ಶುಗರ್ ಇರುವವರಲ್ಲಿ ಮೆಟ್‌ಫಾರ್ಮಿನ್ ತಗೊಳ್ಳದವರನ್ನು ಹುಡುಕುವುದೇ ಕಷ್ಟ. ಇವು ಯಾವುವನ್ನೂ ಸದ್ಯಕ್ಕೆ ಜೇಬಿನ ದುಡ್ಡು ಕೊಟ್ಟು ಮಾಡಿಸಬೇಡಿ. ಸಂಶೋಧನೆಗೆ ಇರಲಿ.

ದುಡ್ಡು ಕೊಡಲು ಯೋಗ್ಯವಾದವು ಯಾವುವು? ಕಮ್ಮಿ ಇದೆ ಅಂತ ಗೊತ್ತಾದರೆ ಸರಿ ಮಾಡಲು ಆಗುವಂಥವು. ಮೊದಲನೆಯದು ಬಿ12. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಲ್ಲಿ ಮೊದಲೇ ಕಮ್ಮಿ. ಪಾದ ಜೋಮು ಹಿಡಿದ ಹಾಗೆ, ಹೆಜ್ಜೆ ಎಲ್ಲಿ ಇಟ್ಟೆ ಅಂತ ಗೊತ್ತಾಗದ ಹಾಗೆ ಆಗುವುದಕ್ಕೆ ಶುಗರ್ ಒಂದೇ ಕಾರಣ ಅಂತ ಬಿಟ್ಟುಬಿಡುತ್ತಾರೆ. ಬಿ12 ಕೊರತೆಯೂ ಅದನ್ನೇ ಮಾಡುತ್ತದೆ, ಮತ್ತೆ ಅದಕ್ಕೆ ಔಷಧ ಇದೆ. ನಮ್ಮ ಫುಟ್‌ಪಾತ್‌ಗಳ ಮೇಲೆ ಕಾಲಿನ ಸ್ಪರ್ಶ ಸರಿಯಿದ್ದವರೇ ಎಡವುತ್ತಾರೆ.

ಎರಡನೆಯದು ವಿಟಮಿನ್ ಡಿ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುತ್ತೇನೆ, ನನಗೆ ಬಿಸಿಲು ಸಾಕಷ್ಟು ಸಿಗುತ್ತದೆ ಅನ್ನುವವರಿಗೆ ಒಂದು ಬೇಸರದ ಸುದ್ದಿ: ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಕಿರಣ ಅಷ್ಟು ಹೊತ್ತಿಗೆ ಬಹಳ ಕಮ್ಮಿ. ಹತ್ತು ಗಂಟೆಯ ಮೇಲಿನ ಬಿಸಿಲು ಬೇಕು. ತುಂಬಾ ಕಮ್ಮಿ ಇದ್ದರೆ ಸ್ನಾಯು ಸೋಲುತ್ತದೆ, ಮೂಳೆ ಮೆತ್ತಗಾಗುತ್ತದೆ, ಅದನ್ನು ಸರಿ ಮಾಡಲೇಬೇಕು. ಆದರೆ ಸಾಕಷ್ಟು ಇರುವವರಿಗೆ ಇನ್ನಷ್ಟು ಸುರಿದರೆ ಲಾಭ ಇಲ್ಲ. ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲ 2022ರಲ್ಲಿ ಬಂತು. ದಿನಾ 2,000 ಯೂನಿಟ್ ತಗೊಂಡರೂ ಮೂಳೆ ಮುರಿತ ಕಮ್ಮಿಯಾಗಲಿಲ್ಲ. ಅವರು ಕೊರತೆ ಇದೆ ಅಂತ ಆರಿಸಿದವರಲ್ಲ ಅನ್ನುವುದನ್ನೂ ನೆನಪಿಡಿ. 2010ರಲ್ಲಿ ಆಸ್ಟ್ರೇಲಿಯಾದ ಪ್ರಯೋಗ ಇನ್ನೂ ಬೆಚ್ಚಿಬೀಳಿಸುವಂಥದ್ದು. ಎಪ್ಪತ್ತು ದಾಟಿದ ಹೆಂಗಸರಿಗೆ ವರ್ಷಕ್ಕೊಂದೇ ಸಲ ಐದು ಲಕ್ಷ ಯೂನಿಟ್ ಕೊಟ್ಟರು. ಅವರು ಬೀಳುವುದು ಮತ್ತು ಮೂಳೆ ಮುರಿದುಕೊಳ್ಳುವುದು ಎರಡೂ ಜಾಸ್ತಿಯಾಯಿತು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ 60,000 ಯೂನಿಟ್‌ನ ಪೊಟ್ಟಣವನ್ನು ‘ಹಾಲಿಗೆ ಹಾಕಿ ಕುಡಿಯಿರಿ, ಶಕ್ತಿ ಬರುತ್ತೆ’ ಅಂತ ಅಕ್ಕಪಕ್ಕದವರಿಗೆ ಹಂಚುವವರು ಇದನ್ನು ಓದಬೇಕು.

ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಆಲ್ಕಲೈನ್ ಫಾಸ್ಫಟೇಸ್, ಥೈರಾಯ್ಡ್ ಇವುಗಳನ್ನು ಮೂಳೆ ಸವೆತಕ್ಕೆ ಬೇರೆ ಕಾರಣ ಇದೆಯಾ ಅಂತ ಹುಡುಕಲು ಡಾಕ್ಟರು ಬರೆಯುತ್ತಾರೆ. ಕೊಲೆಸ್ಟರಾಲ್ ಮಾತ್ರೆ ತಗೊಳ್ಳುವವರಿಗೆ ಮೈಕೈ ನೋವು ಬಂದರೆ ಸಿಕೆ ಅಂತ ಒಂದು ಟೆಸ್ಟ್. ಅದು ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ಹೇಳುತ್ತದೆ, ಸ್ನಾಯು ಎಷ್ಟಿದೆ ಅಂತ ಅಲ್ಲ.

ಈಗ ಎಲ್ಲರ ಮುದ್ದಿನ ಎಚ್‌ಬಿಎ1ಸಿ ಬಗ್ಗೆ. ಎಪ್ಪತ್ತೈದರ ವಯಸ್ಸಿನವರ ಶುಗರ್ 8ರಿಂದ 6.2ಕ್ಕೆ ಇಳಿದರೆ ಮನೆಯಲ್ಲಿ ಸಂಭ್ರಮ. ಯಾಕೆ ಇಳಿಯಿತು ಅಂತ ಯಾರೂ ಕೇಳುವುದಿಲ್ಲ. ಊಟ ಕಮ್ಮಿಯಾಗಿ, ತೂಕ ಇಳಿದು, ಅದರ ಜೊತೆ ಸ್ನಾಯುವೂ ಹೋಗಿ ಇಳಿದಿರಬಹುದು. ಕಿಡ್ನಿ ಮಂದವಾಗಿ ಮಾತ್ರೆ ಜಾಸ್ತಿ ಹೊತ್ತು ಕೆಲಸ ಮಾಡುತ್ತಿರಬಹುದು. ವಯಸ್ಸಾಗಿ ನಾಲ್ಕೈದು ಕಾಯಿಲೆ ಇರುವವರಿಗೆ 8ರ ಒಳಗಿದ್ದರೆ ಸಾಕು ಅಂತ ಡಯಾಬಿಟಿಸ್ ಸಂಘಗಳೇ ಹೇಳುತ್ತವೆ, ಲೋ ಶುಗರ್ ಆಗಿ ಬೀಳದಿರುವುದು ಮುಖ್ಯ ಅಂತ. ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಪಯೋಗ್ಲಿಟಜೋನ್ ಅನ್ನುವ ಶುಗರ್ ಮಾತ್ರೆ ಹೆಂಗಸರಲ್ಲಿ ಮೂಳೆ ಮುರಿತದ ಅಪಾಯ ಹೆಚ್ಚಿಸುತ್ತದೆ ಅಂತ ಚೆನ್ನಾಗಿ ಗೊತ್ತಾಗಿದೆ. ಅಗ್ಗ ಅಂತ ನಮ್ಮಲ್ಲಿ ಇನ್ನೂ ಬರೆಯುತ್ತಾರೆ. ನೀವಾಗೇ ನಿಲ್ಲಿಸಬೇಡಿ, ಕೇಳಿ.

ರಕ್ತ ಹೇಳದ್ದನ್ನು ಒಂದು ಕುರ್ಚಿ ಹೇಳುತ್ತದೆ. ಕೈ ಎದೆಯ ಮೇಲೆ ಕಟ್ಟಿಕೊಂಡು, ಸಾಧಾರಣ ಎತ್ತರದ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಿತಿ 12 ಸೆಕೆಂಡ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯುವಿನ ಬಗ್ಗೆ ಯೋಚಿಸಬೇಕು. ಕೈಹಿಡಿತದ ಬಲ ಗಂಡಸರಲ್ಲಿ 28 ಕೆಜಿ, ಹೆಂಗಸರಲ್ಲಿ 18 ಕೆಜಿಗಿಂತ ಕಮ್ಮಿ ಇರಬಾರದು. ಟೇಪು ಹಿಡಿದು ಮೀನಖಂಡದ ಸುತ್ತಳತೆ ನೋಡಿ, ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33ಕ್ಕಿಂತ ಕಮ್ಮಿ ಇದ್ದರೆ ಅದೂ ಒಂದು ಸುಳಿವು. ಅಷ್ಟೂ ಬೇಡ ಅಂದರೆ ಬಿಎಂಟಿಸಿ ಬಸ್ ಹತ್ತುವಾಗ ಗಮನಿಸಿ. ಕಾಲಿನಿಂದ ಮೆಟ್ಟಿಲು ಹತ್ತುತ್ತಿದ್ದಾರಾ, ಕಂಬಿ ಹಿಡಿದು ಕೈಯಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾರಾ? ಎರಡನೆಯದಾದರೆ ಯಾವ ಲ್ಯಾಬೂ ಬೇಕಿಲ್ಲ.

ಊಟದ ವಿಷಯದಲ್ಲೂ ಅಷ್ಟೇ. ಶುಗರ್ ಅಂತ ಅನ್ನ ಕಮ್ಮಿ ಮಾಡಿದ ಮನೆಗಳಲ್ಲಿ ಆ ಜಾಗಕ್ಕೆ ಏನೂ ಬರುವುದಿಲ್ಲ. ವಯಸ್ಸಾದವರಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು ಅಂತ ತಜ್ಞರು ಹೇಳುತ್ತಾರೆ, ಅಂದರೆ 60 ಕೆಜಿ ಇರುವವರಿಗೆ 60ರಿಂದ 72 ಗ್ರಾಂ. ತಿಳಿ ಸಾರಿನಲ್ಲಿ ಪ್ರೋಟೀನು ಇಲ್ಲವೇ ಇಲ್ಲ ಅನ್ನುವಷ್ಟು. ಮೂವತ್ತು ಗ್ರಾಂ ಬೇಳೆಯಲ್ಲಿ ಆರೇಳು, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಲ್ಲಿ ಆರೇಳು. ರಾಗಿ ಕ್ಯಾಲ್ಸಿಯಂಗೆ ಬಹಳ ಒಳ್ಳೆಯದು, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಆದರೆ ಪ್ರೋಟೀನು ಏಳೇ ಗ್ರಾಂ. ಮುದ್ದೆಯ ಜೊತೆ ಹುರಳಿ, ಅವರೆ, ಕಾಳಿನ ಗಟ್ಟಿ ಸಾರು ಇರಬೇಕು. ಕಿಡ್ನಿ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಜಾಸ್ತಿ ಮಾಡಬೇಕು. ಮತ್ತೆ ವಾಕಿಂಗ್ ಒಂದರಿಂದಲೇ ಸ್ನಾಯು ಬೆಳೆಯಲ್ಲ, ಭಾರ ಎತ್ತುವ ಕೆಲಸ ಬೇಕು. ಪಾರ್ಕಿನಲ್ಲಿ ಹತ್ತು ಸುತ್ತು ಹೊಡೆದು ಕಲ್ಲುಬೆಂಚಿನಿಂದ ಮಂಡಿ ಮೇಲೆ ಕೈ ಊರಿ ಏಳುವವರು ಎಷ್ಟು ಜನ ಇಲ್ಲ!

ಇದೆಲ್ಲ ಈಗ ಜಾಸ್ತಿ ಮುಖ್ಯವಾಗಲು ಇನ್ನೊಂದು ಕಾರಣ ತೂಕ ಇಳಿಸುವ ಇಂಜೆಕ್ಷನ್‌ಗಳು. 2025ರಲ್ಲಿ ಮೌಂಜಾರೊ, ವೆಗೊವಿ ಎರಡೂ ಭಾರತಕ್ಕೆ ಬಂದವು. ವೆಗೊವಿಯಲ್ಲಿರುವ ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ ಇದ್ದದ್ದು 2026ರ ಮಾರ್ಚ್‌ವರೆಗೆ ಮಾತ್ರ. ಬೆಲೆ ಇಳಿದಷ್ಟೂ ಬಳಸುವವರು ಹೆಚ್ಚುತ್ತಾರೆ. ಶುಗರ್‌ಗೆ, ಹೃದಯಕ್ಕೆ ಒಳ್ಳೆಯ ಔಷಧಗಳೇ. ಆದರೆ ಇಳಿಯುವ ತೂಕದಲ್ಲಿ ಎಲ್ಲವೂ ಕೊಬ್ಬಲ್ಲ, ಕಾಲು ಭಾಗದಿಂದ ಶೇಕಡಾ 40ರವರೆಗೂ ಕೊಬ್ಬಲ್ಲದ ಭಾಗ ಅಂತ ಪ್ರಯೋಗಗಳಲ್ಲಿ ಕಂಡಿದೆ, ಅದರಲ್ಲಿ ಸ್ನಾಯುವೂ ಸೇರಿದೆ. ನಲವತ್ತರ ದಪ್ಪ ಮನುಷ್ಯನಿಗೆ ಇದು ಪರವಾಗಿಲ್ಲ. ಎಪ್ಪತ್ತರ, ಮೊದಲೇ ಸ್ನಾಯು ಕಮ್ಮಿ ಇರುವ, ಬಿಎಂಐ 25ರ ಆಸುಪಾಸಿನ ನಮ್ಮ ಹಿರಿಯರಿಗೆ? ಎಚ್‌ಬಿಎ1ಸಿ ಇಳಿಯುತ್ತದೆ, ತೂಕ ಇಳಿಯುತ್ತದೆ, ಕ್ರಿಯಾಟಿನಿನ್ ಕೂಡ ಇಳಿಯಬಹುದು, ರಿಪೋರ್ಟ್ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮುಂಚೆಯೇ ಕುರ್ಚಿಯಿಂದ ಏಳುವ ಸೆಕೆಂಡುಗಳನ್ನೂ ಮೀನಖಂಡದ ಅಳತೆಯನ್ನೂ ಶುಗರ್ ಬರೆಯುವ ಅದೇ ಪುಸ್ತಕದಲ್ಲಿ ಬರೆದಿಡಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಜೊತೆಗೇ ಮತ್ತೆ ಅಳೆಯಿರಿ, ಮತ್ತು ಡಾಕ್ಟರ ಮುಂದೆ ಎರಡೂ ಪುಟ ಇಡಿ.